ಆಲ್ಟುರಾ ಮಾರಿದೆ, ಮರೀನಾ ಇಟ್ಟುಕೊಂಡೆ: ಎರಡು ಹಳೇ ಸ್ಟೇಷನ್ ವ್ಯಾಗನ್, ಒಂದು ಇನ್ಶೂರೆನ್ಸ್ ತಲೆನೋವು

ಅಪ್ಪನ ವೀಲ್‌ಚೇರ್ ಮಡಚಿದರೂ ಸಣ್ಣದೇನಲ್ಲ. ನಮ್ಮ ಮೊದಲಿನ ಚಿಕ್ಕ ಕಾರಿನಲ್ಲಿ ಅದನ್ನು ಇಡಬೇಕಾದರೆ ಹಿಂದಿನ ಸೀಟು ಮಡಚಬೇಕಿತ್ತು. ಸೀಟು ಮಡಚಿದರೆ ಅಮ್ಮ ಎಲ್ಲಿ ಕೂರೋದು? ಮಂಡ್ಯದಿಂದ ಮೈಸೂರಿಗೆ ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಹೋಗಬೇಕು. ಅಮ್ಮನನ್ನು ಬಿಟ್ಟು ಅಪ್ಪ ಹೊರಡೋದಿಲ್ಲ. ಎತ್ತರದ ಎಸ್‌ಯುವಿ ಹತ್ತೋಕೆ ಅಪ್ಪನಿಗೆ ಆಗಲ್ಲ. ಅವರು ಮೊದಲು ಸೀಟಿನ ಮೇಲೆ ಸೊಂಟ ಊರುತ್ತಾರೆ. ಆಮೇಲೆ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಸೀಟು ತಗ್ಗಿನಲ್ಲಿರಬೇಕು, ಡಿಕ್ಕಿ ಮಾತ್ರ ದೊಡ್ಡದಿರಬೇಕು. ಕೈಯಲ್ಲಿದ್ದದ್ದು ಒಂದೂಕಾಲು ಲಕ್ಷ. ಈ ಲೆಕ್ಕಕ್ಕೆ ಕೂಡಿಬಂದದ್ದು ಹಳೇ ಸ್ಟೇಷನ್ ವ್ಯಾಗನ್ ಒಂದೇ.

ಎರಡು ವರ್ಷದಲ್ಲಿ ಎರಡು ವ್ಯಾಗನ್ ಇಟ್ಟುಕೊಂಡು ನೋಡಿದೆ. ಮೊದಲು 2004ರ ಮಾರುತಿ ಬಲೆನೊ ಆಲ್ಟುರಾ, ಪೆಟ್ರೋಲ್. ಆಮೇಲೆ 2007ರ ಟಾಟಾ ಇಂಡಿಗೊ ಮರೀನಾ, ಡೀಸೆಲ್. ಈಗ ಮನೆ ಮುಂದೆ ನಿಂತಿರೋದು ಮರೀನಾ. ಇನ್ನೊಮ್ಮೆ ಕಾರು ತಗೊಳ್ಳುವುದಾದರೂ ಮರೀನಾನೇ ತಗೊಳ್ಳುತ್ತೇನೆ. ಹಾಗಂತ ಆಲ್ಟುರಾ ಕೆಟ್ಟ ಕಾರಲ್ಲ. ಓಡಿಸುವ ಸುಖ ಅದರಲ್ಲೇ ಜಾಸ್ತಿ. ಶ್ರೀರಂಗಪಟ್ಟಣ ದಾಟಿ ಹೈವೇಯಲ್ಲಿ ನೂರರ ಹತ್ತಿರ ಹೋದರೂ ಎಂಜಿನ್ ಇದೆ ಅಂತ ಗೊತ್ತಾಗುತ್ತಿರಲಿಲ್ಲ. ಮರೀನಾದಲ್ಲಿ ಎಂಬತ್ತಕ್ಕೇ ಗೊತ್ತಾಗುತ್ತದೆ. ಗೇರೂ ಸ್ವಲ್ಪ ಬಿಗಿ. ಓಡಿಸೋದಷ್ಟನ್ನೇ ನೋಡಿದ್ದರೆ ನಾನೂ ಆಲ್ಟುರಾನೇ ಇಟ್ಟುಕೊಳ್ಳುತ್ತಿದ್ದೆ.

ನನ್ನನ್ನು ಸುಸ್ತು ಮಾಡಿದ್ದು ಆಲ್ಟುರಾದ ಇನ್ಶೂರೆನ್ಸ್.

2022ರ ಡಿಸೆಂಬರ್‌ನಲ್ಲಿ ಮೈಸೂರಿನಲ್ಲಿ 1,10,000 ಕೊಟ್ಟು ಆ ಕಾರು ತಂದೆ. ಮಾರಿದವರ ಪಾಲಿಸಿ ಮುಗಿದು ಐದು ವಾರ ಆಗಿತ್ತು. ಹೀಗೆ ನಡುವೆ ಬಿಟ್ಟುಹೋದರೆ ಫುಲ್ ಇನ್ಶೂರೆನ್ಸ್‌ಗೆ ಕಾರನ್ನು ಕಣ್ಣಾರೆ ನೋಡಿಯೇ ಪಾಲಿಸಿ ಕೊಡುವುದು. ಇನ್ಸ್‌ಪೆಕ್ಷನ್‌ಗೆ ಬಂದ ಹುಡುಗ ಚಾಸಿ ನಂಬರು, ನಾಲ್ಕೂ ಬದಿ, ಮೀಟರು ಎಲ್ಲದರ ಫೋಟೋ ತೆಗೆದುಕೊಂಡು ಹೋದ. ಮಾರನೇ ದಿನ ಏಜೆಂಟರು ಮೊಬೈಲಿಗೆ ಪಾಲಿಸಿ ಕಳಿಸಿದರು. ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ಪ್ರೀಮಿಯಂ. ಖುಷಿಯಾಗಿ ದುಡ್ಡು ಕಟ್ಟಿದೆ.

ಮೂರು ವಾರ ಕಳೆದು ಒಂದು ಭಾನುವಾರ ಕಾಗದಗಳನ್ನೆಲ್ಲ ಫೈಲಿಗೆ ಹಾಕುತ್ತಿದ್ದೆ. ಆರ್‌ಸಿ ಪಕ್ಕದಲ್ಲಿ ಪಾಲಿಸಿ ಇಟ್ಟಾಗ ಕಣ್ಣಿಗೆ ಬಿತ್ತು. ಎಂಜಿನ್ ಗಾತ್ರ ಆರ್‌ಸಿಯಲ್ಲಿ 1590 ಸಿಸಿ, ಪಾಲಿಸಿಯಲ್ಲಿ 1197 ಸಿಸಿ. ಆರ್‌ಸಿಯಲ್ಲಿ ಸ್ಟೇಷನ್ ವ್ಯಾಗನ್, ಪಾಲಿಸಿಯಲ್ಲಿ ಹ್ಯಾಚ್‌ಬ್ಯಾಕ್. ಏನಾಗಿತ್ತು ಅಂದರೆ, ಹಳೇ ಬಲೆನೊ 2007ರಲ್ಲೇ ನಿಂತುಹೋಯಿತು. 2015ರಲ್ಲಿ ಅದೇ ಹೆಸರಿನಲ್ಲಿ ಬೇರೆಯದೇ ಹೊಸ ಹ್ಯಾಚ್‌ಬ್ಯಾಕ್ ಬಂತು. ಏಜೆಂಟರು ಕಂಪ್ಯೂಟರಿನ ಪಟ್ಟಿಯಲ್ಲಿ 'ಬಲೆನೊ' ಅಂತ ಕಂಡದ್ದನ್ನು ಒತ್ತಿದ್ದರು. ನನ್ನ ಕಾರಿನ ನಂಬರಿಗೆ ಬೇರೊಂದು ಕಾರಿನ ಪಾಲಿಸಿ ಬಂದಿತ್ತು.

ಇದು ಸುಮ್ನೆ ಅಕ್ಷರ ತಪ್ಪಾದ ಹಾಗಲ್ಲ. ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ಕವರ್, ಅದರ ಪ್ರೀಮಿಯಂ ನಿಂತಿರೋದೇ ಸಿಸಿ ಮೇಲೆ. ಯಾವ ಕಂಪನಿಗೆ ಹೋದರೂ ದರ ಒಂದೇ, ಅದನ್ನು ಸರ್ಕಾರವೇ ನಿಗದಿ ಮಾಡುತ್ತದೆ. ನಾನು ಕಟ್ಟಿದಾಗ ಇದ್ದದ್ದು 2022ರ ಜೂನ್ 1ರಿಂದ ಜಾರಿಗೆ ಬಂದ ದರ: 1000 ಸಿಸಿವರೆಗೆ 2,094 ರೂಪಾಯಿ, 1000ದಿಂದ 1500ರವರೆಗೆ 3,416, ಅದಕ್ಕಿಂತ ಮೇಲೆ 7,897. ಇದರ ಮೇಲೆ ಶೇ 18 ಜಿಎಸ್‌ಟಿ. ಕಾರು ಹೊಸದೋ ಇಪ್ಪತ್ತು ವರ್ಷದ್ದೋ, ಥರ್ಡ್ ಪಾರ್ಟಿಗೆ ಅದು ಲೆಕ್ಕಕ್ಕೇ ಬರಲ್ಲ. 1500ರ ಗೆರೆ ದಾಟಿದರೆ ದುಪ್ಪಟ್ಟಿಗಿಂತ ಜಾಸ್ತಿ, ಅಷ್ಟೇ. ನನ್ನ ಕಾರು 90 ಸಿಸಿಯಿಂದ ಆ ಗೆರೆ ದಾಟಿತ್ತು. ಜಿಎಸ್‌ಟಿ ಸೇರಿ 9,318 ಕಟ್ಟಬೇಕಾದ ಕಡೆ 4,031 ಕಟ್ಟಿದ್ದೆ.

ಏಜೆಂಟರಿಗೆ ಫೋನ್ ಮಾಡಿದೆ. "ಇರಲಿ ಬಿಡಿ ಸಾರ್, ನಂಬರ್ ಸರಿಯಾಗಿದೆಯಲ್ಲ, ಪೊಲೀಸ್ನೋರು ಅಷ್ಟೇ ನೋಡೋದು" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಇನ್ಶೂರೆನ್ಸ್ ಇರೋದು ಪೊಲೀಸರಿಗೆ ತೋರಿಸೋಕೆ ಅಲ್ಲವಲ್ಲ. ನಾಳೆ ಯಾರಿಗಾದರೂ ತಗುಲಿದರೆ, ಆ ಮನೆಯವರಿಗೆ ಸೇರಬೇಕಾದ ಪರಿಹಾರ ನಿಂತಿರೋದು ಈ ಕಾಗದದ ಮೇಲೆ. ಬೇರೆ ಕಾರಿನ ವಿವರ ಇದೆ ಅಂತ ಕಂಪನಿ ತಕರಾರು ತೆಗೆದರೆ ಉತ್ತರ ಹೇಳಬೇಕಾದವನು ನಾನು. ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯಲ್ಲಿ ತಿದ್ದುಪಡಿ, ಮಾಡಿಕೊಡಿ ಅಂತ ಬರೆದುಕೊಟ್ಟೆ. ಆರ್‌ಸಿ ಕಾಪಿ ಕೇಳಿದರು, ಕೊಟ್ಟೆ. ಇನ್ನೊಮ್ಮೆ ಇನ್ಸ್‌ಪೆಕ್ಷನ್ ಅಂದರು, ಮಾಡಿಸಿದೆ. ಪಟ್ಟಿಯಲ್ಲಿ ಆಲ್ಟುರಾ ಅನ್ನೋ ಹೆಸರೇ ಇಲ್ಲ, ಮೇಲಿನವರು ಸೇರಿಸಬೇಕು ಅಂದರು. ಕಾದೆ. ಒಟ್ಟು ಆರು ವಾರ. ಕೊನೆಗೆ ಥರ್ಡ್ ಪಾರ್ಟಿ ವ್ಯತ್ಯಾಸ ಒಂದಕ್ಕೇ 5,288 ರೂಪಾಯಿ ಕಟ್ಟಿ ಸರಿಯಾದ ಪಾಲಿಸಿ ತಗೊಂಡೆ.

ಆ ಆರು ವಾರ ಕಾರನ್ನು ಗೇಟಿನಿಂದ ಆಚೆ ತೆಗೆಯಲಿಲ್ಲ. ಅಪ್ಪನನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಯಾರಿಗೋಸ್ಕರ ಕಾರು ತಂದೆನೋ ಅವರೇ ಅದನ್ನು ಕಿಟಕಿಯಿಂದ ನೋಡಿಕೊಂಡು ಕೂತಿದ್ದರು. ದುಡ್ಡು ಹೋಗಿದ್ದಕ್ಕಿಂತ ಅದು ಜಾಸ್ತಿ ನೋವು ಕೊಟ್ಟಿತು.

ಹೋಗಲಿ, ಫುಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅದೂ ನಿಲ್ಲಲಿಲ್ಲ. ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಗೂಡ್ಸ್ ಆಟೋ ರಿವರ್ಸ್ ಬಂದು ಹಿಂದಿನಿಂದ ಗುದ್ದಿತು. ಡಿಕ್ಕಿ ಡೋರು ಒಳಕ್ಕೆ ಹೋಯಿತು, ಎಡಗಡೆ ಟೈಲ್ ಲ್ಯಾಂಪ್ ಪುಡಿಯಾಯಿತು. ಆಲ್ಟುರಾದ ಮುಂಭಾಗವೆಲ್ಲ ಬಲೆನೊ ಸೆಡಾನ್‌ದೇ, ಹುಡುಕಿದರೆ ಸಿಗುತ್ತದೆ. ಹಿಂಭಾಗ ಮಾತ್ರ ಅದಕ್ಕೇ ಅಂತ ಮಾಡಿದ್ದು. ತಯಾರಿ ನಿಂತು ಅಷ್ಟು ವರ್ಷವಾದ ಮೇಲೆ ಅಂಗಡಿಯಲ್ಲಿ ಸಿಗದಿರೋದು ಸಹಜ. ಬೆಂಗಳೂರಿನ ಜೆಸಿ ರೋಡಿನಲ್ಲಿ ಅರ್ಧ ದಿನ ಸುತ್ತಿದೆ, ಸಿಗಲಿಲ್ಲ. ಐದು ವಾರದ ಮೇಲೆ ಒಂದು ಗುಜರಿಯಲ್ಲಿ 3,500ಕ್ಕೆ ಸಿಕ್ಕಿತು. ಬಿಲ್ ಇಲ್ಲ. ಬಿಲ್ ಇಲ್ಲದ್ದಕ್ಕೆ ದುಡ್ಡಿಲ್ಲ ಅಂದರು ಇನ್ಶೂರೆನ್ಸ್ ಕಡೆಯಿಂದ ನಷ್ಟ ನೋಡಲು ಬಂದ ಸರ್ವೇಯರ್. ಅದು ಬಿಟ್ಟು ಟಿಂಕರಿಂಗ್, ಪೇಂಟ್ ಸೇರಿ 7,200 ಆಗಿತ್ತು. ಕ್ಲೇಮಿನಲ್ಲಿ ನಾವು ಕಡ್ಡಾಯವಾಗಿ ಹೊರಬೇಕಾದ ಪಾಲು 1500 ಸಿಸಿವರೆಗಿನ ಕಾರಿಗೆ ಸಾವಿರ, ಅದರ ಮೇಲಿನದಕ್ಕೆ ಎರಡು ಸಾವಿರ. ಅಲ್ಲೂ ಆ 90 ಸಿಸಿ ಬಿಡಲಿಲ್ಲ. ಪೇಂಟಿಗೆ ಸವಕಳಿ ಕಳೆದು ಕೈಗೆ ಬಂದದ್ದು 4,300.

ಆಗ ಕೂತು ಲೆಕ್ಕ ಹಾಕಿದೆ. ಐದು ವರ್ಷ ದಾಟಿದ ಕಾರಿನ ಐಡಿವಿಯನ್ನು, ಅಂದರೆ ಕಾರಿಗೆ ಕಟ್ಟುವ ಬೆಲೆಯನ್ನು, ನಾವೂ ಕಂಪನಿಯವರೂ ಮಾತಾಡಿ ಒಪ್ಪಿಕೊಳ್ಳಬೇಕು. ನನ್ನದಕ್ಕೆ 80,000 ಹಾಕಿದ್ದರು. ರಿಪೇರಿ ಖರ್ಚು ಐಡಿವಿಯ ಮುಕ್ಕಾಲು ಭಾಗ ದಾಟಿದರೆ ಕಾರು ಪೂರ್ತಿ ಹೋಯಿತು ಅಂತಲೇ ಲೆಕ್ಕ. ಹತ್ತು ವರ್ಷ ಮೀರಿದ ಕಾರಿಗೆ ಹೊಸ ಲೋಹದ ಪಾರ್ಟ್ ಹಾಕಿದರೆ ಅರ್ಧ ದುಡ್ಡು ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್‌ಗೆ ಕಾರು ಎಷ್ಟೇ ಹಳೆಯದಿರಲಿ ಅರ್ಧ. ಹೀಗೆ ಕಳೆಯೋದನ್ನು ತಪ್ಪಿಸುವ ಜೀರೊ ಡೆಪ್ ಅನ್ನೋ ಹೆಚ್ಚುವರಿ ಕವರ್ ಇಷ್ಟು ಹಳೇ ಕಾರಿಗೆ ನಾನು ಕೇಳಿದ ಕಡೆ ಯಾರೂ ಕೊಡಲಿಲ್ಲ. ಪಾರ್ಟ್ ಸಿಗುವುದೇ ಗುಜರಿಯಲ್ಲಿ, ಗುಜರಿಯಲ್ಲಿ ಬಿಲ್ ಇರಲ್ಲ. ಹಾಗಿದ್ದ ಮೇಲೆ ಓನ್ ಡ್ಯಾಮೇಜ್‌ಗೆ, ಅಂದರೆ ಸ್ವಂತ ಕಾರಿನ ಹಾನಿಯ ಕವರ್‌ಗೆ, ನಾನು ಯಾಕೆ ದುಡ್ಡು ಕಟ್ಟಬೇಕು, ಅಲ್ವಾ?

2024ರ ಶುರುವಿನಲ್ಲಿ ಆಲ್ಟುರಾವನ್ನು 85,000ಕ್ಕೆ ಕೊಟ್ಟೆ. ತಗೊಂಡವರು ಕಾರಿನ ಹುಚ್ಚಿರುವವರು, ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನ್ನೋ ನಂಬಿಕೆ ಇದೆ.

ಮರೀನಾ 95,000ಕ್ಕೆ ಮದ್ದೂರಿನ ಹತ್ತಿರ ಸಿಕ್ಕಿತು. ತರುವ ಮೊದಲು ನೋಡಿದ್ದು ಆರ್‌ಸಿಯಲ್ಲಿನ ಸಿಸಿ: 1405. ಗೆರೆಯ ಈಚೆ! ಈ ಸಲ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದೆ. ಓನರ್ ಡ್ರೈವರ್‌ಗೆ ಕಡ್ಡಾಯವಾದ 15 ಲಕ್ಷದ ಆಕ್ಸಿಡೆಂಟ್ ಕವರ್ ನನ್ನ ಸ್ಕೂಟರ್ ಪಾಲಿಸಿಯಲ್ಲೇ ಇದೆ. ಅದು ಒಬ್ಬರಿಗೆ ಒಂದಿದ್ದರೆ ಸಾಕು, ಪ್ರತಿ ಗಾಡಿಗೂ ಬೇಕಿಲ್ಲ. ಹಾಗಾಗಿ ವರ್ಷಕ್ಕೆ 4,031ರಲ್ಲಿ ಮುಗಿಯಿತು. ಪಟ್ಟಿಯಲ್ಲಿ ಮರೀನಾ ಅನ್ನೋ ಹೆಸರೂ ಇತ್ತು. ಆದರೂ ಪಾಲಿಸಿ ಬಂದ ಕೂಡಲೇ ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದೆ. ನೀವೂ ದಯವಿಟ್ಟು ಹಾಗೇ ಮಾಡಿ. ಚಾಸಿ ನಂಬರು, ಎಂಜಿನ್ ನಂಬರು, ಸಿಸಿ, ಇಸವಿ. ಐದು ನಿಮಿಷದ ಕೆಲಸ.

ಪಾರ್ಟ್ಸ್ ವಿಷಯದಲ್ಲಿ ಎರಡೂ ಕಾರಿಗೆ ಹೋಲಿಕೆಯೇ ಇಲ್ಲ. ಮೊದಲ ಸಲ ಬಾನೆಟ್ ಎತ್ತಿದ ನಮ್ಮ ಮೆಕ್ಯಾನಿಕ್ ನಕ್ಕುಬಿಟ್ಟರು. "ಇದು ಇಂಡಿಕಾನೇ ಕಣಣ್ಣ, ಹಿಂದೆ ಉದ್ದ ಜಾಸ್ತಿ ಅಷ್ಟೇ" ಅಂದರು. ಇಂಡಿಕಾ, ಇಂಡಿಗೊ ಎಷ್ಟು ವರ್ಷ ಟ್ಯಾಕ್ಸಿಯಾಗಿ ಓಡಿವೆ ನೋಡಿ. ಲೋಯರ್ ಆರ್ಮ್, ಬುಷ್, ಕ್ಲಚ್ ಪ್ಲೇಟ್, ಎಲ್ಲ ಮಂಡ್ಯದಲ್ಲೇ ಬಿಲ್ ಸಮೇತ ಸಿಗುತ್ತದೆ. ಎರಡೂ ಕಾರಿಗೆ ನಾನು ಮೊದಲು ಮಾಡಿಸಿದ್ದು ಟೈಮಿಂಗ್ ಬೆಲ್ಟ್. ಹಳೇ ಓನರ್ ಬದಲಾಯಿಸಿದ್ದೀನಿ ಅಂದರೂ ನಂಬಬೇಡಿ, ಅದು ತುಂಡಾದರೆ ಎಂಜಿನ್ನೇ ಬಿಚ್ಚಬೇಕಾಗಬಹುದು.

ಮೈಲೇಜ್: ಆಲ್ಟುರಾ ಹನ್ನೊಂದು, ಮರೀನಾ ಹದಿನೈದು. ಡೀಸೆಲ್ ಲೀಟರಿಗೆ ಹತ್ತು ರೂಪಾಯಿಗಿಂತ ಜಾಸ್ತಿ ಅಗ್ಗ.

ಎಸಿ: ಆಲ್ಟುರಾದ್ದೇ ಚೆನ್ನ.

ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್ ಬೆರೆಸುತ್ತಾರೆ. ನಮ್ಮ ಕಡೆ ಕಬ್ಬು ಬೆಳೆಯೋರಿಗೆ ಅದರಿಂದ ಒಳ್ಳೇದಾಗಲಿ, ನನಗೆ ಸಂತೋಷವೇ. ಆದರೆ 2004ರ ಕಾರಿನ ರಬ್ಬರ್ ಪೈಪುಗಳನ್ನು ಅದಕ್ಕೆ ಅಂತ ಮಾಡಿರಲಿಲ್ಲ. ಹಳೇ ಪೆಟ್ರೋಲ್ ವ್ಯಾಗನ್ ತಗೊಳ್ಳುವವರು ಪೈಪು, ಸೀಲು ಬದಲಾಯಿಸುವ ಖರ್ಚನ್ನೂ ಮೊದಲೇ ಎತ್ತಿಡಬೇಕು.

ಡಿಕ್ಕಿ ಬಗ್ಗೆ ಹೇಳಲೇಬೇಕು, ವ್ಯಾಗನ್ ತಗೊಂಡದ್ದೇ ಅದಕ್ಕೆ. ಎರಡರಲ್ಲೂ ವೀಲ್‌ಚೇರ್ ಅಡ್ಡ ಮಲಗಿಸಿದರೆ ಪಕ್ಕದಲ್ಲಿ 25 ಕೆಜಿ ಅಕ್ಕಿ ಮೂಟೆ, ಹತ್ತು ತೆಂಗಿನಕಾಯಿ ಆರಾಮಾಗಿ ಕೂರುತ್ತವೆ. ನನ್ನ ಆಲ್ಟುರಾದ ಡಿಕ್ಕಿ ಡೋರನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡು ಸತ್ತುಹೋಗಿತ್ತು. ಅಳತೆಗೆ ಕತ್ತರಿಸಿದ ಸರ್ವೆ ಕೋಲೊಂದನ್ನು ಅಮ್ಮ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರೆ ನಾನು ವೀಲ್‌ಚೇರ್ ಎತ್ತಿ ಇಡುತ್ತಿದ್ದೆ. ಮರೀನಾಕ್ಕೆ ಹೊಸ ರಾಡು ಹಾಕಿಸಿದೆ. ಈಗ ಅಮ್ಮ ಹೋಗಿ ನೆಮ್ಮದಿಯಾಗಿ ಸೀಟಿನಲ್ಲಿ ಕೂರುತ್ತಾರೆ. ಮೊದಲ ದಿನ ಗಣಂಗೂರು ಟೋಲ್ ದಾಟುವಾಗ ಅಪ್ಪ, "ಇದ್ರಲ್ಲಿ ಕೂತ್ರೆ ಮಂಡಿ ಎಳೆಯಕಿಲ್ಲ ಕಣ್ಲಾ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಬೇರೆ ವ್ಯಾಗನ್‌ಗಳನ್ನೂ ನೋಡಿದ್ದೆ. ಕುವೆಂಪುನಗರದಲ್ಲಿ ಸ್ಕೋಡಾ ಆಕ್ಟೇವಿಯಾ ಕಾಂಬಿ ಡೀಸೆಲ್ ಒಂದಿತ್ತು, ಗಟ್ಟಿ ಕಾರು. 1896 ಸಿಸಿ, ಮತ್ತೆ ಅದೇ 7,897ರ ಸಾಲು. ರಿಪೇರಿ ನನ್ನ ಸಂಬಳಕ್ಕೆ ಆಗುವಂಥದ್ದಲ್ಲ. ಒಪೆಲ್ ಕೋರ್ಸಾ ಸ್ವಿಂಗ್ ಕೂಡ ಸಿಕ್ಕಿತ್ತು. ಒಪೆಲ್ ಹೆಸರಿನ ಕಾರು 2006ರಲ್ಲೇ ಇಲ್ಲಿ ನಿಂತಿತು ಅಂತ ಕೈಬಿಟ್ಟೆ.

ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವ, ಸ್ವಂತ ಕಾರಿನ ಸಣ್ಣಪುಟ್ಟ ಪೆಟ್ಟನ್ನು ಕೈಯಿಂದಲೇ ಮಾಡಿಸಿಕೊಳ್ಳಲು ತಯಾರಿರುವ ನನ್ನಂಥವರಿಗೆ ಮರೀನಾ, ಥರ್ಡ್ ಪಾರ್ಟಿ ಪಾಲಿಸಿ. ಇನ್ಶೂರೆನ್ಸ್‌ನಲ್ಲಿ ಉಳಿದ ದುಡ್ಡನ್ನು ತಿಂಗಳಿಗೆ 500ರಂತೆ ಪೋಸ್ಟ್ ಆಫೀಸ್ ಆರ್‌ಡಿಗೆ ಹಾಕುತ್ತಿದ್ದೇನೆ, ಕಾರಿನ ರಿಪೇರಿಗೆ ಅಂತಲೇ. ಕಳ್ಳತನದ ಭಯ ಇರುವವರು, ರಾತ್ರಿ ಬೀದಿಯಲ್ಲಿ ಕಾರು ನಿಲ್ಲಿಸುವವರು ಫುಲ್ ಇನ್ಶೂರೆನ್ಸ್ ಬಗ್ಗೆ ಯೋಚಿಸಿ. ನನ್ನದು ಗೇಟಿನ ಒಳಗೆ ಇರುತ್ತದೆ.

ಮರೀನಾದ ಆರ್‌ಸಿ 2027ರವರೆಗೆ ಇದೆ. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರಿಂದ ಅದಕ್ಕೆ 5,000 ರೂಪಾಯಿ ಇತ್ತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ ಅಂತ 10,000 ಮಾಡಿದರು. ಹಾಗಾಗಿ ನನ್ನದನ್ನು ಅವಧಿ ಮುಗಿಯುವ ಮೊದಲೇ ಮಾಡಿಸುತ್ತೇನೆ. ಮರೀನಾದ ಹಿಂಭಾಗವೂ ಮರೀನಾಕ್ಕೇ ಅಂತ ಮಾಡಿದ್ದು ಅನ್ನೋದನ್ನು ಮರೆತಿಲ್ಲ. ಎಡಗಡೆ ಟೈಲ್ ಲ್ಯಾಂಪ್ ಒಂದನ್ನು ಗುಜರಿಯಿಂದ ತಂದು, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಬಲಗಡೆಯದು ಇನ್ನೂ ಹುಡುಕುತ್ತಿದ್ದೇನೆ.