ಕ್ಯಾಶ್, ಯುಪಿಐ, ಫಾಸ್ಟ್ಯಾಗ್, ವಾರ್ಷಿಕ ಪಾಸ್: ಒಡೆದ ಗಾಜೊಂದು ಕಲಿಸಿದ ಟೋಲ್ ಲೆಕ್ಕ

ಹೆದ್ದಾರಿಯಲ್ಲಿ ಟೋಲ್ ಕಟ್ಟಲು ಯಾವ ದಾರಿ ಒಳ್ಳೆಯದು ಅಂತ ಕೇಳಿದರೆ ಸುತ್ತಿ ಬಳಸಿ ಹೇಳುವುದಿಲ್ಲ, ನನ್ನ ಓಟು ಗಾಜಿಗೆ ಅಂಟಿಸುವ ಫಾಸ್ಟ್ಯಾಗ್‌ಗೆ, ಅದರಲ್ಲೂ ವಾರ್ಷಿಕ ಪಾಸ್‌ಗೆ. ಆದರೆ ಸುಮ್ಮನೆ ಹಾಕಿದ ಓಟಲ್ಲ ಇದು. ಕಳೆದ ನವೆಂಬರ್‌ನಲ್ಲಿ ಟ್ಯಾಗ್ ಇಲ್ಲದ ಕಾರಿನಲ್ಲಿ ಊರಿಗೆ ಹೋಗಿ ಬಂದೆ. ಒಂದು ಟೋಲ್‌ನಲ್ಲಿ ನೋಟು ಎಣಿಸಿದೆ, ಇನ್ನೊಂದರಲ್ಲಿ ಫೋನ್ ಹಿಡಿದೆ, ಎರಡೂ ಕಡೆ ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡೆ.

ಕೆಲಸ ಬೆಂಗಳೂರಿನಲ್ಲಿ, ಊರು ಹಾವೇರಿ ಹತ್ತಿರ. ದಾರಿ ಒಂದೇ, 48ನೇ ರಾಷ್ಟ್ರೀಯ ಹೆದ್ದಾರಿ. ಕ್ಯಾತ್ಸಂದ್ರ, ಕರಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ. ನನ್ನ ಮಗಳಿಗೆ ಮಗ್ಗಿ ತಪ್ಪಬಹುದು, ಈ ಟೋಲ್‌ಗಳ ಸಾಲು ತಪ್ಪುವುದಿಲ್ಲ. ಬೆಂಗಳೂರು ಬಿಡುವಾಗಿನ ಫ್ಲೈಓವರ್ ಟೋಲ್ ಸೇರಿಸಿದರೆ ಹೋಗಿ ಬರುವುದಕ್ಕೆ ನನ್ನ ಲೆಕ್ಕದಲ್ಲಿ 12 ಗೇಟು.

ಅಕ್ಟೋಬರ್ ಕೊನೆಯಲ್ಲಿ ಊರಿಂದ ವಾಪಸ್ ಬರುವಾಗ ಮುಂದಿದ್ದ ಟಿಪ್ಪರ್‌ನ ಚಕ್ರದಿಂದ ಒಂದು ಜಲ್ಲಿಕಲ್ಲು ಸಿಡಿದು ಗಾಜಿಗೆ ಬಡಿಯಿತು. ಸಾಸಿವೆ ಕಾಳಿನಷ್ಟು ಚುಕ್ಕೆ. ತುಮಕೂರು ದಾಟುವಷ್ಟರಲ್ಲಿ ಅದಕ್ಕೆ ಬಾಲ ಬಂತು, ಮನೆ ಮುಟ್ಟುವಷ್ಟರಲ್ಲಿ ಗಾಜಿನ ಈ ತುದಿಯಿಂದ ಆ ತುದಿಗೆ ಗೆರೆ. ಗ್ಯಾರೇಜಿನಲ್ಲಿ ಹೊಸ ಗಾಜು ಕೂರಿಸಿದರು. ಕಾರು ಕೊಡುವಾಗ ಹುಡುಗ ಒಂದು ನ್ಯೂಸ್‌ಪೇಪರ್ ಪೊಟ್ಟಣ ಕೈಗಿಟ್ಟ. "ಸರ್, ನಿಮ್ಮ ಫಾಸ್ಟ್ಯಾಗು." ಬಿಚ್ಚಿದರೆ ಮೂರು ಚೂರು. ಅದನ್ನು ಮಾಡಿರುವುದೇ ಹಾಗೆ: ಕಿತ್ತರೆ ಹರಿಯಬೇಕು, ಒಂದು ಗಾಡಿಯದ್ದನ್ನು ಇನ್ನೊಂದಕ್ಕೆ ಅಂಟಿಸಬಾರದು. ಒಳಗೆ ಬ್ಯಾಟರಿ ಇಲ್ಲ, ಕೂದಲೆಳೆಯಂಥ ಆಂಟೆನಾ, ಮಧ್ಯೆ ಎಳ್ಳಿನಷ್ಟು ಚಿಪ್. ಲೇನಿನ ಮೇಲಿರುವ ರೀಡರ್ ಬಿಡುವ ತರಂಗದಿಂದಲೇ ಅದಕ್ಕೆ ಜೀವ. ನನ್ನದರ ಆಂಟೆನಾ ಎರಡು ಕಡೆ ತುಂಡಾಗಿತ್ತು.

ಇನ್ನೊಂದು ತರಿಸಿದರಾಯಿತು ಅಂದುಕೊಂಡೆ. ಬ್ಯಾಂಕಿನ ಆ್ಯಪ್‌ನಲ್ಲಿ 'ಬದಲಿ ಟ್ಯಾಗ್' ಒತ್ತಿದೆ, ದುಡ್ಡು ಕಟ್ಟಿದೆ. ಅದು ನಾನು ಮೂರು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಗೆ ಹೊರಟಿತು. ವಿಳಾಸ ಬದಲಿಸಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಕಳಿಸಿಯಾಗಿದೆ, ವಾಪಸ್ ಬಂದ ಮೇಲೆ ನೋಡೋಣ ಅಂದರು. ಹಾಗಾದರೆ ಬೇರೆ ಬ್ಯಾಂಕಿನದು ತೆಗೆದುಕೊಳ್ಳೋಣ ಎಂದು ರಸ್ತೆ ಬದಿಯ ಛತ್ರಿ ಕೆಳಗೆ ಟ್ಯಾಗ್ ಮಾರುವವನ ಹತ್ತಿರ ಹೋದೆ. ಅವನು ಗಾಡಿ ನಂಬರ್ ಹಾಕಿ ತಲೆ ಅಲ್ಲಾಡಿಸಿದ. ಒಂದು ಗಾಡಿಗೆ ಒಂದೇ ಟ್ಯಾಗ್. ಹಳೆಯದು ಕಾಗದದ ಮೇಲೆ ಇನ್ನೂ ಬದುಕಿದೆ, ಅದನ್ನು ಮುಚ್ಚಿಸಿಕೊಂಡು ಬನ್ನಿ. ಮುಚ್ಚಲು ಅರ್ಜಿ ಹಾಕಿದರೆ, 'ಬದಲಿ ಟ್ಯಾಗ್ ರವಾನೆಯಲ್ಲಿದೆ, ಮುಚ್ಚಲಾಗುವುದಿಲ್ಲ.' ಹೀಗೆ ಹೊಸದು ಹಳೆಯದಕ್ಕೆ ಕಾಯುತ್ತಾ, ಹಳೆಯದು ಹೊಸದಕ್ಕೆ ಕಾಯುತ್ತಾ, ನಾನು ಇಬ್ಬರಿಗೂ ಕಾಯುತ್ತಾ ಹದಿನೆಂಟು ದಿನ ಕಳೆದವು.

ಕೊನೆಗೂ ಟ್ಯಾಗ್ ಕೈಗೆ ಬಂತು. ಆಮೇಲೆ ಫೋಟೋ ಪರೀಕ್ಷೆ. ಗಾಡಿಯ ಮುಂಭಾಗ, ನಂಬರ್ ಪ್ಲೇಟು, ಗಾಜಿನ ಮೇಲೆ ಅಂಟಿಸಿದ ಟ್ಯಾಗ್, ಆರ್‌ಸಿ. ಮೊದಲ ಸಲ ಟ್ಯಾಗ್ ಮೇಲೆ ಬಿಸಿಲು ಹೊಳೆದು ತಿರಸ್ಕಾರ. ಎರಡನೇ ಸಲ ಡ್ಯಾಶ್‌ಬೋರ್ಡಿನ ಗಣಪನ ಕಿರೀಟ ಅಡ್ಡ ಬಂತು. ವಿಘ್ನನಿವಾರಕನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ, ಸಂಜೆ ಐದೂವರೆಯ ಬೆಳಕಿನಲ್ಲಿ ಮೂರನೇ ಸಲ ತೆಗೆದೆ. ಪಾಸಾಯಿತು.

ಈ ಮಧ್ಯೆ ಅಜ್ಜಿಯ ತಿಥಿ ಬಂತು. ಟ್ಯಾಗ್ ಬರುವವರೆಗೆ ತಿಥಿ ಮುಂದೂಡಲು ಆಗುತ್ತದೆಯೇ? ಬೆಂಗಳೂರಿಗೆ ಕಣ್ಣು ತೋರಿಸಿಕೊಳ್ಳಲು ಬಂದಿದ್ದ ಅಪ್ಪನನ್ನೂ ಕೂರಿಸಿಕೊಂಡು ಹೊರಟೆ.

ಅಪ್ಪ ನಗದು ಪಕ್ಷ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ನೋಟು ಎಣಿಸಿದ ಕೈ. ಮೊದಲ ಟೋಲ್‌ನಲ್ಲಿ ತಾವೇ ಜೇಬಿಗೆ ಕೈ ಹಾಕಿದರು. ಹುಡುಗ ಹೇಳಿದ ಮೊತ್ತ ಬೋರ್ಡಿನಲ್ಲಿದ್ದದ್ದರ ಎರಡರಷ್ಟು. ಇದು ಅವನ ತಪ್ಪಲ್ಲ. 2021ರ ಫೆಬ್ರುವರಿ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಯ ಎಲ್ಲ ಲೇನುಗಳೂ ಫಾಸ್ಟ್ಯಾಗ್ ಲೇನುಗಳೇ, ಟ್ಯಾಗ್ ಇಲ್ಲದೆ ನಗದು ಕೊಡುವವರಿಗೆ ಆಗ ಡಬಲ್ ಇತ್ತು.

"ಅಲ್ಲೋ ತಮ್ಮಾ, ನೋಟು ಸರ್ಕಾರದ್ದು, ರಸ್ತೆ ಸರ್ಕಾರದ್ದು. ಸರ್ಕಾರದ ನೋಟು ಸರ್ಕಾರದ ರಸ್ತೇದಾಗ ಅರ್ಧಕ್ಕ ಹೋಗತೈತೇನು?" ಅಂದರು ಅಪ್ಪ.

"ನಂದೇನಿಲ್ರಿ ಅಜ್ಜಾರ, ಕಂಪ್ಯೂಟರ್ ಹಂಗ ತೋರಸ್ತೈತ್ರಿ," ಅಂದ ಹುಡುಗ. ಅಪ್ಪ ರಶೀದಿ ಇಸಿದುಕೊಂಡು ಎರಡು ಸಲ ಓದಿ ಕನ್ನಡಕದ ಡಬ್ಬಿಯಲ್ಲಿಟ್ಟರು.

ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ನೇರ ಉತ್ತರ ಇಲ್ಲ. ಆದರೆ ನಗದು ಕಾಲವನ್ನು ನೆನಸಿಕೊಂಡು ಕಣ್ಣೀರಿಡುವವನೂ ನಾನಲ್ಲ. ಹಬ್ಬದ ಹಿಂದಿನ ರಾತ್ರಿ ತುಮಕೂರು ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತದ್ದಿದೆ. ದರವನ್ನು ಐದರ ಲೆಕ್ಕಕ್ಕೆ ಸರಿಹೊಂದಿಸುತ್ತಾರೆ, ಆದರೂ ಆ ಐದು ರೂಪಾಯಿ ಮಾತ್ರ ಯಾವ ಬೂತಿನಲ್ಲೂ ಇರುತ್ತಿರಲಿಲ್ಲ. ಚಾಕೊಲೇಟು ಕೊಟ್ಟು ಕಳಿಸುತ್ತಿದ್ದರು. 24 ಗಂಟೆಯೊಳಗೆ ವಾಪಸಾದರೆ ಎರಡೂ ಕಡೆ ಸೇರಿ ಒಂದೂವರೆ ಪಟ್ಟು ಮಾತ್ರ ಎಂಬ ರಿಯಾಯಿತಿಯನ್ನು ನಾವೇ ಬಾಯಿಬಿಟ್ಟು ಕೇಳಬೇಕಿತ್ತು. ಟ್ಯಾಗ್ ಇದ್ದರೆ ಕೇಳುವ ಗೋಜಿಲ್ಲ, ತಾನಾಗಿಯೇ ಕಡಿಮೆ ಕಡಿತವಾಗುತ್ತದೆ.

ಎರಡನೇ ಟೋಲ್‌ನಲ್ಲಿ ಯುಪಿಐ. 2025ರ ನವೆಂಬರ್ 15ರಿಂದ ಹೊಸ ನಿಯಮ ಬಂದಿತ್ತು: ಟ್ಯಾಗ್ ಇಲ್ಲದಿದ್ದರೆ ನಗದಿಗೆ ಎರಡು ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು. 100 ರೂಪಾಯಿಯ ಟೋಲ್‌ಗೆ ನೋಟಾದರೆ 200, ಫೋನಾದರೆ 125. ಉಳಿತಾಯವೇನೋ ಹೌದು. ಆದರೆ ಕಾರಿನ ಕಿಟಕಿಯಿಂದ ಕೈ ಚಾಚಿ, ಬಿಸಿಲಿಗೆ ಬಿಳಿಚಿದ ಕ್ಯೂಆರ್ ಕೋಡಿಗೆ ಫೋನ್ ಹಿಡಿದು, ಆ ಚಕ್ರ ತಿರುಗುವುದನ್ನು ನೋಡುತ್ತಾ ಕೂತಾಗ ಹಿಂದೆ ಎಂಟು ಗಾಡಿ. ನೆಟ್‌ವರ್ಕ್ ಒಂದು ಕಡ್ಡಿ. ಎರಡನೇ ಯತ್ನಕ್ಕೆ ಹೋಯಿತು. ತರಕಾರಿ ಅಂಗಡಿಯಲ್ಲಿ ಯುಪಿಐ ಎಷ್ಟು ಸಲೀಸೋ ಟೋಲ್ ಗೇಟಿನಲ್ಲಿ ಅಷ್ಟೇ ಪೇಚಾಟ. ಕೈ ಕೊಟ್ಟ ಟ್ಯಾಗ್‌ಗೆ ಊರುಗೋಲು ಅಷ್ಟೇ, ದಿನಬಳಕೆಗಲ್ಲ.

ಪಕ್ಕದ ಲೇನಿನಲ್ಲಿ ಮೆಣಸಿನಕಾಯಿ ಚೀಲ ಹೇರಿದ ಗೂಡ್ಸ್ ಗಾಡಿಯೊಂದು ನಿಂತಿತ್ತು. ಟ್ಯಾಗ್ ಇತ್ತು, ದುಡ್ಡಿರಲಿಲ್ಲ. ಡ್ರೈವರ್ ಫೋನಿನಲ್ಲಿ, "ಮಾಲಕರ, ರೀಚಾರ್ಜ್ ಮಾಡ್ರೀ, ಗೇಟಿನಾಗ ನಿಂತೇನ್ರಿ" ಎಂದು ಅಂಗಲಾಚುತ್ತಿದ್ದ. ಟ್ಯಾಗಿನ ಖಾತೆ ಮಾಲೀಕರ ಫೋನಿನಲ್ಲಿ, ಬೈಗುಳ ಡ್ರೈವರ್‌ಗೆ. ಹೆದ್ದಾರಿಯನ್ನು ಪೂರಾ ನಗದುರಹಿತ ಮಾಡಿ ಎನ್ನುವವರು ಕಾರಿನವರ ಲೆಕ್ಕ ಹಾಕುತ್ತಾರೆ. ಕಾರಿನವರಲ್ಲಿ ನಾನೂ ಒಬ್ಬ, ಹಾಗಾಗಿ ಮಾಡಿ ಎಂದೇ ಹೇಳುತ್ತೇನೆ. ಆದರೆ ಟ್ಯಾಗ್ ಕೈ ಕೊಟ್ಟ ದಿನ ಆ ಡ್ರೈವರ್ ಮಾಮೂಲಿ ದರದಲ್ಲೇ ದಾಟುವ ಒಂದು ಲೇನು ಇರಲಿ. ಟ್ಯಾಗ್ ಸರಿಯಿದ್ದು, ದುಡ್ಡೂ ಇದ್ದು, ಟೋಲ್‌ನವರ ಯಂತ್ರವೇ ಕೆಟ್ಟಿದ್ದರೆ ಗಾಡಿಯನ್ನು ಪುಕ್ಕಟೆ ಬಿಟ್ಟು ಸೊನ್ನೆ ರಶೀದಿ ಕೊಡಬೇಕು ಎಂಬ ನಿಯಮ 2018ರಿಂದಲೇ ಇದೆ. ಅವರ ಕಡೆಯ ತಪ್ಪಿಗೆ ಅವರಿಗೆ ದಂಡ ಅಂತಾದರೆ, ಹದಿನೆಂಟು ದಿನ ಟ್ಯಾಗ್ ಕೊಡದ ಬ್ಯಾಂಕಿನ ತಪ್ಪಿಗೆ ನನಗೇಕೆ?

ಇನ್ನು ಪಾಸ್. 2025ರ ಆಗಸ್ಟ್ 15ಕ್ಕೆ ಬಂದಾಗಲೇ ಮಾಡಿಸಬೇಕಿತ್ತು, ಸೋಮಾರಿತನ. ನಾನು ಮಾಡಿಸಿದಾಗ 3000 ರೂಪಾಯಿ, 200 ಟ್ರಿಪ್ (ಒಂದು ಗೇಟು ದಾಟಿದರೆ ಒಂದು ಟ್ರಿಪ್) ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಒಂದು ಗೇಟಿಗೆ 15 ರೂಪಾಯಿ ಬಿತ್ತು. ನನಗೆ ನಾಲ್ಕು ಸಲ ಊರಿಗೆ ಹೋಗಿ ಬರುವಷ್ಟರಲ್ಲಿ ಹಾಕಿದ ದುಡ್ಡು ವಾಪಸ್, ಟ್ರಿಪ್ಪು 16 ಸಲಕ್ಕೆ ಸಾಕು. ಇರುವ ಟ್ಯಾಗ್ ಮೇಲೆಯೇ ಹೆದ್ದಾರಿ ಪ್ರಾಧಿಕಾರದ ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ದುಡ್ಡು ಕಟ್ಟಿದೆ, ಊಟ ಮಾಡಿ ಎದ್ದು ನೋಡುವಷ್ಟರಲ್ಲಿ ಚಾಲೂ ಆಗಿತ್ತು. ಟ್ಯಾಗ್ ಗಾಡಿಯ ನೋಂದಣಿ ಸಂಖ್ಯೆಗೆ ಜೋಡಣೆಯಾಗಿರಬೇಕು. ಶೋರೂಮಿನಲ್ಲಿ ಬರೀ ಚಾಸಿ ನಂಬರ್ ಮೇಲೆ ಕೊಟ್ಟದ್ದಾದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ. ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಬಿಟ್ಟು ಬೇರೆ ಕಡೆ ನಡೆಯುವುದಿಲ್ಲ. ಬೆಂಗಳೂರಿನ ಖಾಸಗಿ ನೈಸ್ ರಸ್ತೆಗೆ ಇಳಿದರೆ ಪಾಸ್ ಲೆಕ್ಕಕ್ಕಿಲ್ಲ. ಹಾಗಾಗಿ ಟ್ಯಾಗ್‌ನಲ್ಲಿ ಐನೂರು ರೂಪಾಯಿ ಬೇರೆಯೇ ಇಟ್ಟಿರುತ್ತೇನೆ.

ವರ್ಷಕ್ಕೆ ಎರಡೇ ಸಲ ಊರಿಗೆ ಹೋಗುವವರಿಗೆ ಮಾಮೂಲಿ ರೀಚಾರ್ಜೇ ಸಾಕು, ಪಾಸಿನ ದುಡ್ಡು ಸುಮ್ಮನೆ ಕೂರುತ್ತದೆ. ಟೋಲ್‌ನಿಂದ 20 ಕಿಲೋಮೀಟರ್ ಒಳಗೆ ಮನೆ ಇರುವವರು ಮೊದಲು ಸ್ಥಳೀಯರ ತಿಂಗಳ ಪಾಸ್ ವಿಚಾರಿಸಲಿ. ಬೈಕಿನವರಿಗೆ ಈ ಪುರಾಣವೇ ಬೇಡ, ಆರಾಮಾಗಿ ಪಕ್ಕದಲ್ಲಿ ಹೋಗುತ್ತಾರೆ.

ಇದೇ 48ನೇ ಹೆದ್ದಾರಿಯಲ್ಲಿ, ಗುಜರಾತಿನ ಚೋರ್ಯಾಸಿಯಲ್ಲಿ, ಗೇಟೇ ಇಲ್ಲದ ಟೋಲ್‌ಗೆ 2025ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಮೇಲಿನ ಕಮಾನಿನಿಂದಲೇ ಕ್ಯಾಮೆರಾ ನಂಬರ್ ಪ್ಲೇಟು ಓದುತ್ತದೆ, ರೀಡರ್ ಟ್ಯಾಗ್ ಓದುತ್ತದೆ, ಗಾಡಿ ನಿಲ್ಲುವಂತಿಲ್ಲ. ಅದು ನಮ್ಮ ಕಡೆ ಬಂದ ದಿನ ಅಪ್ಪ ಯಾರ ಜೊತೆ ಜಗಳವಾಡುತ್ತಾರೋ ಗೊತ್ತಿಲ್ಲ.

ಸದ್ಯಕ್ಕೆ ಅವರ ಜಗಳ ಪಾಸ್ ಜೊತೆ. ರಶೀದಿ ಬರುವುದಿಲ್ಲವಲ್ಲ, ಹಾಗಾಗಿ ಜೇಬಿನ ಪುಟ್ಟ ನೋಟ್‌ಬುಕ್ಕಿನಲ್ಲಿ ಗೇಟಿಗೊಂದು ಗೆರೆ ಎಳೆಯುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಎರಡು ಸಲ ಹೋಗಿ ಬಂದಿದ್ದೆವು. ಆ್ಯಪ್‌ನಲ್ಲಿ 176 ಉಳಿದಿತ್ತು, ಅಪ್ಪನ ಪುಸ್ತಕದಲ್ಲಿ 177.

"ಒಂದು ಯಾವನೋ ನುಂಗ್ಯಾನ ನೋಡು," ಅಂದರು.

ಮೆಸೇಜುಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದೆ. ಗುಯಿಲಾಳಿನದ್ದು ಬಂದಾಗ ಬೆರಳಿಟ್ಟು ನಿಲ್ಲಿಸಿದರು. ಅಲ್ಲಿ ಅವರು ಗೊರಕೆ ಹೊಡೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಹೇಳಿದೆ.

"ಗೇಟಿನಾಗ ಗಾಡಿ ನಿಂತ್ರ ನಂಗ ಎಚ್ಚರಾಗತೈತಿ," ಅಂದರು ಅಪ್ಪ. "ಅಂದು ನಿಲ್ಲಿಸಿದ್ದೇನು ನೀ?"

ನಿಲ್ಲಿಸಿರಲಿಲ್ಲ.