ಕ್ಯಾನನ್ 18-135 ಎಸ್‌ಟಿಎಂ: ಕೊಡಗಿನ ಮಳೆ, ಮಂಜಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲ ಡಿಎಸ್‌ಎಲ್‌ಆರ್ ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಜಾಸ್ತಿ ದುಡ್ಡಿಲ್ಲ, ಎಲ್ಲಕ್ಕೂ ಆಗುವ ಒಂದು ಲೆನ್ಸ್ ಹೇಳಿ." ಬಯಲುಸೀಮೆಯವರು ಕೇಳಿದರೆ ನಾನು ಎರಡು-ಮೂರು ಹೆಸರು ಹೇಳಿ, ಯೋಚಿಸಿ ತಗೊಳ್ಳಿ ಅನ್ನುತ್ತೇನೆ. ಮಡಿಕೇರಿ, ಸೋಮವಾರಪೇಟೆ, ನಾಪೋಕ್ಲು, ಭಾಗಮಂಡಲ ಕಡೆಯವರು ಕೇಳಿದರೆ ಮಾತ್ರ ನನ್ನ ಬಾಯಲ್ಲಿ ಬರುವುದು ಒಂದೇ ಹೆಸರು: ಕ್ಯಾನನ್ ಇಎಫ್-ಎಸ್ 18-135 ಎಂಎಂ ಐಎಸ್ ಎಸ್‌ಟಿಎಂ. 18 ಅಂದರೆ ಅಗಲ ನೋಟ, 135 ಅಂದರೆ ದೂರದ್ದನ್ನು ಹತ್ತಿರ ತರುವ ನೋಟ; ಐಎಸ್ ಕೈ ನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಲೆನ್ಸಿನೊಳಗಿನ ಫೋಕಸ್ ಮೋಟಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ನಿಂತು ಲೆನ್ಸ್ ಬದಲಾಯಿಸುವ ಹಾಗೇ ಇಲ್ಲವಲ್ಲ, ಅದಕ್ಕೆ.

ಈ ಲೆನ್ಸ್ 2012ರಲ್ಲಿ 650ಡಿ ಕ್ಯಾಮೆರಾದ ಜೊತೆ ಬಂದದ್ದು. ನನ್ನದು ಅದಕ್ಕಿಂತ ಈಚಿನ, 2017ರ 200ಡಿ. ಲೆನ್ಸಿನ ತೂಕ 480 ಗ್ರಾಂ. 200ಡಿ ಬ್ಯಾಟರಿ, ಕಾರ್ಡ್ ಸೇರಿಸಿದರೂ 453 ಗ್ರಾಂ. ಅಂದರೆ ಕ್ಯಾಮೆರಾಕ್ಕಿಂತ ಲೆನ್ಸೇ ಭಾರ, ಕುತ್ತಿಗೆಗೆ ಹಾಕಿಕೊಂಡರೆ ಮೂತಿ ಕೆಳಗೆ ಬಗ್ಗುತ್ತದೆ. ಎಡಗೈಯನ್ನು ಲೆನ್ಸಿನ ಅಡಿಗೆ ಕೊಟ್ಟು ಹಿಡಿಯುವುದು ರೂಢಿಯಾದರೆ ಇದು ತೊಂದರೆ ಅನಿಸುವುದಿಲ್ಲ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವಾಗಲೂ ನನ್ನ ಚೀಲದಲ್ಲಿ ಇರುವುದು ಇದೊಂದೇ ಲೆನ್ಸ್.

ದುಡ್ಡಿನ ಲೆಕ್ಕದಲ್ಲಿ ಇದಕ್ಕೆ ನಿಜವಾದ ಎದುರಾಳಿ 18-55 ಮತ್ತು 55-250ರ ಜೋಡಿ. 55-250 ಎಸ್‌ಟಿಎಂ ಬಹಳ ಒಳ್ಳೆಯ ಲೆನ್ಸ್, 375 ಗ್ರಾಂ ಅಷ್ಟೆ, ದೂರದ ವಸ್ತುಗಳಿಗೆ 18-135ಕ್ಕಿಂತ ಮೇಲು. ಕಾಗದದ ಮೇಲೆ ಈ ಜೋಡಿಯೇ ಗೆಲ್ಲುತ್ತದೆ. ಆದರೆ ಮಾಂದಲಪಟ್ಟಿಯ ತುದಿಯಲ್ಲಿ ನಿಂತು ನೋಡಿ. ಮೋಡ ಕಾಲ ಕೆಳಗಿಂದ ಎದ್ದು ಬರುತ್ತದೆ, ಬೆಟ್ಟಸಾಲು ಒಂದರೆಕ್ಷಣ ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಗಾಳಿಯಲ್ಲಿ ಕ್ಯಾಮೆರಾದ ಬಾಯಿ ತೆರೆದಿಟ್ಟು ಇನ್ನೊಂದು ಲೆನ್ಸ್ ಹುಡುಕುವಷ್ಟರಲ್ಲಿ ನೋಟವೂ ಹೋಯಿತು, ಹನಿಯೂ ಒಳಗೆ ಬಿತ್ತು. 18-135 ಇದ್ದರೆ ಮಣಿಕಟ್ಟು ತಿರುಗಿಸಿದರೆ ಮುಗಿಯಿತು. ಈ ಕ್ಯಾಮೆರಾಗಳ ಸೆನ್ಸರ್ 35 ಎಂಎಂ ಫಿಲ್ಮಿಗಿಂತ ಚಿಕ್ಕದು; ಕ್ಯಾನನ್ನಿನ ಆ 1.6 ಕ್ರಾಪ್ ಲೆಕ್ಕದಲ್ಲಿ ಫುಲ್ ಫ್ರೇಮಿನ, ಅಂದರೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ, 29ರಿಂದ 216 ಎಂಎಂವರೆಗಿನ ವ್ಯಾಪ್ತಿ ಸಿಗುತ್ತದೆ. ದುಬಾರೆಯಲ್ಲಿ ಆನೆಗೆ ಸ್ನಾನ ಮಾಡಿಸುವಾಗ 18ರಲ್ಲಿ ಹೊಳೆ, ಮಾವುತ, ದಡದ ಮರ ಎಲ್ಲ ಬರುತ್ತದೆ. ನಿಂತಲ್ಲಿಂದಲೇ 135ಕ್ಕೆ ಹೋದರೆ ಆನೆಯ ಕಣ್ಣಿನ ಸುತ್ತಲಿನ ಸುಕ್ಕು ಕಾಣುತ್ತದೆ.

ನನಗೆ ಈ ಲೆನ್ಸ್ ಮೇಲೆ ಪ್ರೀತಿ ಹುಟ್ಟಿಸಿದ್ದು ಕಾಫಿ ಹೂ. ಹೂಮಳೆ ಬಿದ್ದು ಒಂದು ವಾರ ಕಳೆಯುವಷ್ಟರಲ್ಲಿ ರೋಬಸ್ಟಾ ತೋಟ ಬೆಳ್ಳಗಾಗುತ್ತದೆ. ಆ ಹೂ ನಿಲ್ಲುವುದು ಕೆಲವೇ ದಿನ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಈ ಲೆನ್ಸ್ 39 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ, 135ರಲ್ಲಿ 0.28 ಪಟ್ಟು ಹಿಗ್ಗಿಸಿ ಕೊಡುತ್ತದೆ. ಸರಳವಾಗಿ ಹೇಳಿದರೆ ಸುಮಾರು 8 ಸೆಂಟಿಮೀಟರ್ ಅಗಲದ ವಸ್ತು ಇಡೀ ಚಿತ್ರವನ್ನು ತುಂಬುತ್ತದೆ. ಒಂದು ಗೆಣ್ಣಿನ ಹೂಗೊಂಚಲಿಗೆ ಇದು ಹೇಳಿ ಮಾಡಿಸಿದ ಅಳತೆ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಎಸಳಿನ ನಡುವೆ ಎದ್ದು ನಿಂತ ಕೇಸರ, ಅದರ ಮೇಲೆ ಕೂತ ಜೇನುಹುಳದ ಕಾಲಿಗಂಟಿದ ಪರಾಗ, ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. ಹಿಂದಿನ ಎಲೆಗಳು ಹಸಿರು ಬಣ್ಣವಾಗಿ ಕರಗುತ್ತವೆ. ಅಸಲಿ ಮ್ಯಾಕ್ರೋ ಲೆನ್ಸ್ ಇದಕ್ಕಿಂತ ಹತ್ತಿರ ಹೋಗುತ್ತದೆ ನಿಜ, ಆದರೆ ಆ ದುಡ್ಡು ಖರ್ಚು ಮಾಡುವ ಮೊದಲು ಇದರಲ್ಲಿ ಒಂದು ಹೂಕಾಲ ಕಳೆದು ನೋಡಿ.

ಎರಡನೆಯ ಖರೀದಿ ಏನಿರಬೇಕು ಅಂದರೆ 67 ಎಂಎಂ ಪೋಲರೈಸರ್ ಫಿಲ್ಟರ್. ಹೆಚ್ಚಿನವರು ಅದನ್ನು ಆಕಾಶ ನೀಲಿ ಮಾಡಲಿಕ್ಕೆ ಅಂದುಕೊಂಡಿದ್ದಾರೆ. ಮಳೆಗಾಲದಲ್ಲಿ ನಮಗೆ ನೀಲಿ ಆಕಾಶವೇ ಅಪರೂಪ, ಇಲ್ಲಿ ಅದರ ಕೆಲಸ ಎಲೆಯ ಮೇಲೆ. ನೆಂದ ಕಾಫಿ ಎಲೆ, ಮೆಣಸಿನ ಬಳ್ಳಿ, ಏಲಕ್ಕಿ ಎಲೆ, ಎಲ್ಲ ಮೋಡದ ಬೆಳಕನ್ನು ಹಿಂದಕ್ಕೆ ಎಸೆದು ಬಿಳಿಬಿಳಿಯಾಗಿ ಮಿಂಚುತ್ತವೆ. ಫಿಲ್ಟರ್ ತಿರುಗಿಸಿದಂತೆ ಆ ಬಿಳಿ ಹೊಳಪು ಇಳಿದು ಒಳಗಿನ ಕಡುಹಸಿರು ಮೇಲೆ ಬರುತ್ತದೆ. ಫೋಕಸ್ ಮಾಡುವಾಗ ಈ ಲೆನ್ಸಿನ ಮುಂಭಾಗ ತಿರುಗುವುದಿಲ್ಲ, ಹಾಗಾಗಿ ಒಮ್ಮೆ ಸರಿಪಡಿಸಿದ ಫಿಲ್ಟರ್ ಅಲ್ಲೇ ನಿಲ್ಲುತ್ತದೆ. ಬೆಳಕು ಒಂದರಿಂದ ಎರಡು ಸ್ಟಾಪ್ ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಅದೂ ಅಬ್ಬಿ, ಮಲ್ಲಳ್ಳಿ, ಇರ್ಪು ಜಲಪಾತಗಳ ಮುಂದೆ ಅನುಕೂಲವೇ. ಶಟರ್ ನಿಧಾನವಾಗಿ ನೀರು ಎಳೆಎಳೆಯಾಗಿ ಬರುತ್ತದೆ. ಇದರ ಇಮೇಜ್ ಸ್ಟೆಬಿಲೈಸೇಷನ್ ನಾಲ್ಕು ಸ್ಟಾಪಿನದ್ದು. 18ರಲ್ಲಿ ಸೆಕೆಂಡಿನ ಎಂಟನೇ ಒಂದು ಭಾಗದ ಶಟರ್ ಇಟ್ಟು ಕೈಯಲ್ಲೇ ಹಿಡಿದು ತೆಗೆದರೂ ಬಂಡೆಗಳು ಅಲುಗಾಡದೆ ಬರುತ್ತವೆ. ಜಾರುವ ಕಲ್ಲಿನ ಮೇಲೆ, ಇಂಬಳ ಕಾಲಿಗೆ ಹತ್ತುತ್ತಿರುವಾಗ ಟ್ರೈಪಾಡ್ ಹೂಡಬೇಕಾಗಿಲ್ಲ ಅನ್ನುವುದು ಸಣ್ಣ ಸಂಗತಿಯಲ್ಲ.

ಮಂಜಿನಲ್ಲಿ ಆಟೋಫೋಕಸ್ ತಡಕಾಡುತ್ತದೆ. ಇದು ಈ ಲೆನ್ಸಿನ ದೋಷ ಅಲ್ಲ; ಕಾಂಟ್ರಾಸ್ಟ್ ಇಲ್ಲದ ಕಡೆ ಯಾವ ಆಟೋಫೋಕಸ್ಸಿಗೂ ಹಿಡಿಯಲು ಏನೂ ಸಿಗುವುದಿಲ್ಲ. 200ಡಿಯ ಒಂಬತ್ತು ಫೋಕಸ್ ಪಾಯಿಂಟ್‌ಗಳಲ್ಲಿ ನಡುವಿನದ್ದು ಮಾತ್ರ ಕ್ರಾಸ್ ಟೈಪ್, ಅಂದರೆ ಅಡ್ಡ, ಉದ್ದ ಎರಡೂ ಗೆರೆಗಳನ್ನು ಹಿಡಿಯುವಂಥದ್ದು. ಅದನ್ನು ಸಿಲ್ವರ್ ಓಕ್ ಕಾಂಡದ ಅಂಚಿಗೆ ಇಟ್ಟು ಅರ್ಧ ಒತ್ತಿ, ಆಮೇಲೆ ಚೌಕಟ್ಟು ಹೊಂದಿಸಿದರೆ ಸಿಕ್ಕಿಬಿಡುತ್ತದೆ. ಜೊತೆಗೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಮೇಲಕ್ಕೆ ಎತ್ತಿ, ಇಲ್ಲದಿದ್ದರೆ ಬಿಳಿ ಮಂಜು ಬೂದಿ ಬಣ್ಣದಲ್ಲಿ ಬರುತ್ತದೆ.

ಈಗ ಕಷ್ಟದ ಮಾತು. ಕತ್ತಲಲ್ಲಿ ಈ ಲೆನ್ಸ್ ಸೋಲುತ್ತದೆ. 18ರಲ್ಲಿ ಎಫ್/3.5 ಇದ್ದದ್ದು 135ಕ್ಕೆ ಹೋಗುವಷ್ಟರಲ್ಲಿ ಎಫ್/5.6 ಆಗಿರುತ್ತದೆ; ಈ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಒಳಗೆ ನೆಲ್ಲಕ್ಕಿ ಬೊಳ್‌ಚದ, ಅಂದರೆ ನಡುಮನೆಯ ದೀಪದ, ಬೆಳಕು ಮಾತ್ರ ಇರುವಾಗ, ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಗುಂಡು ಹಾರಿಸಿ ಗದ್ದೆಯಲ್ಲಿ ಕದಿರು ತೆಗೆಯುವಾಗ, ಮಡಿಕೇರಿ ದಸರಾದ ಮಂಟಪಗಳು ಬೀದಿಗೆ ಬಂದಾಗ, ಐಎಸ್‌ಒ, ಅಂದರೆ ಸೆನ್ಸರಿನ ಬೆಳಕು ಹಿಡಿಯುವ ಚುರುಕು, ಎಷ್ಟು ಏರಿಸಿದರೂ ಸಾಲುವುದಿಲ್ಲ. ಸ್ಟೆಬಿಲೈಸೇಷನ್ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ವಾಲಗಕ್ಕೆ ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಮದುವೆಯಲ್ಲಿ ಕುಪ್ಯ ಅನ್ನುವ ಉದ್ದನೆಯ ಕಪ್ಪು ಕೋಟು ತೊಟ್ಟವರ ಮುಖಕ್ಕೆ ಬೆಳಕು ಹೊಂದಿಸಿದರೆ ಕುಪ್ಯ ಬರೀ ಕಪ್ಪು ಮುದ್ದೆಯಾಗುತ್ತದೆ, ಸೊಂಟಕ್ಕೆ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ ಮಾತ್ರ ಉಳಿಯುತ್ತದೆ. ಇಂಥ ಜಾಗಕ್ಕೆ 2015ರಲ್ಲಿ ಬಂದ 50 ಎಂಎಂ ಎಫ್/1.8 ಎಸ್‌ಟಿಎಂ ಸೇರಿಸಿಕೊಳ್ಳಿ. ಕ್ಯಾನನ್ನಿನ ಅಗ್ಗದ ಲೆನ್ಸುಗಳ ಸಾಲಿನದ್ದು, 160 ಗ್ರಾಂ, ಕೋಟಿನ ಜೇಬಿಗೆ ಹೋಗುತ್ತದೆ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮನೆಯೊಳಗೆ ಮಳೆ ಇಲ್ಲ, ಮಂಜೂ ಇಲ್ಲ, ಅಲ್ಲಿ ಲೆನ್ಸ್ ಬದಲಾಯಿಸಲು ಅಂಜಿಕೆಯೂ ಇಲ್ಲ.

ಇನ್ನು ಕೆಲವು. 18ರಲ್ಲಿ ನೇರ ಗೆರೆಗಳು ಹೊರಕ್ಕೆ ಉಬ್ಬುತ್ತವೆ, ಓಂಕಾರೇಶ್ವರ ದೇವಸ್ಥಾನದ ಕೆರೆಯ ಅಂಚಿನಲ್ಲಿ ಅದು ಎದ್ದು ಕಾಣುತ್ತದೆ. ಕಂಪ್ಯೂಟರಿನಲ್ಲಿ ಲೆನ್ಸ್ ಪ್ರೊಫೈಲ್ ಹಾಕಿದರೆ ಸರಿಹೋಗುತ್ತದೆ. ಬಿಳಿ ಆಕಾಶದ ಎದುರು ಸಿಲ್ವರ್ ಓಕ್ ಕೊಂಬೆಗಳನ್ನು ತೆಗೆದರೆ ಚಿತ್ರದ ಮೂಲೆಗಳಲ್ಲಿ ನೇರಳೆ-ಹಸಿರು ಅಂಚು ಮೂಡುತ್ತದೆ, ಅದೂ ಒಂದು ಕ್ಲಿಕ್ಕಿನ ಕೆಲಸ. ಮ್ಯಾನ್ಯುಯಲ್ ಫೋಕಸ್ ರಿಂಗ್ ಮೋಟಾರಿನ ಮೂಲಕವೇ ಕೆಲಸ ಮಾಡುವುದರಿಂದ ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿದರೆ ಏನೂ ಆಗುವುದಿಲ್ಲ. ಅದೇ ಮೋಟಾರು ವಿಡಿಯೋದಲ್ಲಿ ಸದ್ದಿಲ್ಲದೆ, ಕುಪ್ಪಳಿಸದೆ ಫೋಕಸ್ ಮಾಡುತ್ತದೆ ಅನ್ನುವುದನ್ನೂ ಹೇಳಬೇಕು. ಲೆನ್ಸಿನ ತುದಿಗೆ ಹಾಕುವ ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಇಡಬ್ಲ್ಯೂ-73ಬಿ ಅಂತ ಬೇರೆ ಕೊಳ್ಳಬೇಕು. ಕೊಳ್ಳಿ. ನಮ್ಮ ಜಡಿಮಳೆಯಲ್ಲಿ ಅದು ಬಿಸಿಲಿಗಿಂತ ಹನಿಗೆ ಹೆಚ್ಚು ಅಡ್ಡ ನಿಲ್ಲುತ್ತದೆ. ಹಕ್ಕಿ ಚಿತ್ರಕ್ಕೆ, ಕೊಡವ ಕೌಟುಂಬಿಕ ಹಾಕಿಯಲ್ಲಿ ಆಚೆ ಬದಿಯ ಗೋಲಿಗೆ 135 ಸಾಲದು. ಅದೇ ನಿಮ್ಮ ಮುಖ್ಯ ಆಸೆಯಾದರೆ 55-250 ತಗೊಳ್ಳಿ, ಈ ಲೆನ್ಸ್ ಬೇಡ.

ಲೆನ್ಸ್ ಯಾವುದೇ ಇರಲಿ, ಕೊಡಗಿನಲ್ಲಿ ಅದನ್ನು ಕೊಲ್ಲುವುದು ಬೂಷ್ಟು. ನಮ್ಮ ತಂದೆಯ ಫಿಲ್ಮ್ ಕ್ಯಾಮೆರಾ ಚರ್ಮದ ಚೀಲದ ಸಮೇತ ಅಲ್ಮೇರಾದಲ್ಲಿತ್ತು. ಅದರ ಲೆನ್ಸಿಗೆ ಟಾರ್ಚ್ ಹಿಡಿದರೆ ಒಳಗಾಜಿನ ಅಂಚಿನಿಂದ ನಡುವಿನತ್ತ ಕವಲೊಡೆದು ಹಬ್ಬಿದ ಸಣ್ಣ ಬಿಳಿ ಬೇರುಗಳು ಕಾಣುತ್ತವೆ. ಅದು ಗಾಜಿನ ಲೇಪವನ್ನೇ ತಿಂದಿದೆ, ಒರೆಸಿದರೂ ಗುರುತು ಉಳಿಯುತ್ತದೆ. ಕತ್ತಲು, ತೇವ, ಗಾಳಿಯಾಡದ ಜಾಗ, ಚರ್ಮ: ಬೂಷ್ಟಿಗೆ ಬೇಕಾದ್ದೆಲ್ಲ ಆ ಚೀಲದಲ್ಲಿತ್ತು. 18-135 ವೆದರ್ ಸೀಲ್, ಅಂದರೆ ನೀರು-ಧೂಳು ತಡೆಯುವ ಬಿಗಿ, ಇಲ್ಲದ ಲೆನ್ಸ್, ಜೊತೆಗೆ ಜೂಮ್ ಮಾಡಿದಾಗ ಕೊಳವೆ ಮುಂದೆ ಚಾಚಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆ ಜೋರಾಗಿರುವ ಆಟಿ ತಿಂಗಳ ಗಾಳಿ ಎಂಥದ್ದು ಅಂತ ನಿಮಗೇ ಗೊತ್ತು.

ವಿದ್ಯುತ್ ಡ್ರೈ ಕ್ಯಾಬಿನೆಟ್ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಿಗೆ ಅದು ನೆಚ್ಚಿಕೆಯ ಉಪಾಯ ಅಲ್ಲ. ನಾನು ಬಳಸುವುದು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಾಂಶ ಮಾಪಕ. ಮುಳ್ಳು ನಲವತ್ತರಿಂದ ಐವತ್ತರ ನಡುವೆ ಇರಬೇಕು, ಅರವತ್ತು ದಾಟಿದರೆ ಜೆಲ್ ಬದಲಾಯಿಸಬೇಕು. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ನೀರು ಕುಡಿದು ತುಂಬಿದೆ ಅಂತ. ಬಿಸಿಲಿಗೆ ಒಣಗಿಸೋಣ ಅಂದರೆ ಬಿಸಿಲೇ ಇರುವುದಿಲ್ಲ, ಅಡುಗೆಗೆ ಬಳಸದ ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ನೆನೆದ ಲೆನ್ಸನ್ನು ಹಾಗೇ ಡಬ್ಬಕ್ಕೆ ಹಾಕಬೇಡಿ. ಮೊದಲು ಹೊರಗೆ ಒರೆಸಿ, ಜೂಮನ್ನು ಪೂರ್ತಿ ಚಾಚಿ, ಗಾಳಿಯಾಡುವ ಕೋಣೆಯಲ್ಲಿ ಒಣಗಿಸಿ. ಇಷ್ಟು ಮಾಡಿದ್ದರಿಂದ ನನ್ನ ಲೆನ್ಸಿನ ಗಾಜು ಇಂದಿಗೂ ತಿಳಿಯಾಗಿದೆ. ತಿಂಗಳುಗಟ್ಟಲೆ ಒಳಗಿಡುವುದಕ್ಕಿಂತ ಆಗಾಗ ಹೊರಗೆ ತೆಗೆದು ಬಳಸುವುದೇ ಲೆನ್ಸಿಗೆ ಹೆಚ್ಚು ಕ್ಷೇಮ.

ನಿಕಾನ್ ಕ್ಯಾಮೆರಾ ಇರುವವರು ಇದೇ ಕೆಲಸಕ್ಕೆ 18-140 ವಿಆರ್ ನೋಡಿ (ವಿಆರ್ ಅಂದರೆ ನಿಕಾನಿನ ಸ್ಟೆಬಿಲೈಸೇಷನ್). 2013ರದ್ದು, 490 ಗ್ರಾಂ, ಫಿಲ್ಟರ್ ಅಳತೆ ಅದೇ 67. ಇನ್ನೂ ಕಡಿಮೆ ಬೆಲೆಗೆ ಬೇಕಾದರೆ 2008ರ 18-105 ವಿಆರ್, 420 ಗ್ರಾಂ, ಆದರೆ ಕ್ಯಾಮೆರಾಕ್ಕೆ ಕೂಡುವ ಅದರ ಮೌಂಟ್ ಪ್ಲಾಸ್ಟಿಕ್. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲ. ಲೆನ್ಸಿನ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದೆಯೇ ನೋಡಿಕೊಳ್ಳಿ, ಇದ್ದರೆ ಮೋಟಾರು ಲೆನ್ಸಿನಲ್ಲೇ ಇದೆ ಅಂತ. ಎಎಫ್-ಪಿ ಕೆಲವು ಹಳೆಯ ನಿಕಾನ್‌ಗಳಲ್ಲಿ ಫೋಕಸ್ ಆಗುವುದಿಲ್ಲ, ನಿಮ್ಮ ಕ್ಯಾಮೆರಾಕ್ಕೆ ಹಾಕಿ ನೋಡಿಯೇ ದುಡ್ಡು ಕೊಡಿ. ಕ್ಯಾನನ್ನಿನಲ್ಲಿ ಈ ತಲೆನೋವಿಲ್ಲ, ಮೋಟಾರು ಲೆನ್ಸಿನಲ್ಲೇ ಇರುತ್ತದೆ. ಮುಂದೆ ಕ್ಯಾನನ್ನಿನ ಮಿರರ್‌ಲೆಸ್‌ಗೆ, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ, ಹೋದರೂ ಅಡಾಪ್ಟರ್ ಹಾಕಿ ಇದೇ 18-135 ಬಳಸಬಹುದು.

ಜನ ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ಈ ಲೆನ್ಸುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತಿವೆ, ನನ್ನ ಸಲಹೆಯೂ ಅದೇ. ಆದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ, ಕೈಯಲ್ಲಿ ಹಿಡಿದು ನೋಡಿ. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿಯಿರಿ, ಮುಂದಿನಿಂದ ನೋಡುತ್ತ ಜೂಮನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಅಲ್ಲೊಂದು ಇಲ್ಲೊಂದು ಧೂಳಿನ ಚುಕ್ಕೆ ಇದ್ದರೆ ಬಿಟ್ಟುಬಿಡಿ, ಚಿತ್ರದಲ್ಲಿ ಬರುವುದಿಲ್ಲ. ದಾರದಂಥ ಎಳೆ, ಜೇಡನ ಕಾಲಿನಂಥ ಕವಲು, ಹಬೆ ಹಿಡಿದಂಥ ಮಸುಕು ಕಂಡರೆ ಬೆಲೆ ಎಷ್ಟು ಇಳಿಸಿದರೂ ಬೇಡ ಅನ್ನಿ. ಆಮೇಲೆ ಕ್ಯಾಮೆರಾಕ್ಕೆ ಹಾಕಿ 18, 50, 135 ಮೂರರಲ್ಲೂ ಒಂದೊಂದು ಚಿತ್ರ ತೆಗೆದು, ಅರ್ಧ ಒತ್ತಿದಾಗ ಸ್ಟೆಬಿಲೈಸೇಷನ್ ಹಿಡಿದು ನಿಲ್ಲಿಸುವುದು ಕಾಣುತ್ತದೆಯೇ ನೋಡಿ, ಆಮೇಲೆ ಬೆಲೆ ಮಾತಾಡಿ.