ಗ್ರಿಮ್ಸ್‌ಬಿಯೋ, ಗ್ರೇಟ್ ಯಾರ್ಮತ್ತೋ?

ಬ್ರಿಟನ್ನಿನ ಕಡಲ ಮೀನುಗಾರಿಕೆಯ ಕಥೆ ತಿಳಿಯೋಣ ಅಂತಿದ್ದೀರಾ? ಒಂದೇ ಊರಿಗೆ ಹೋಗುವಷ್ಟು ಸಮಯವಿದ್ದರೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಗ್ರೇಟ್ ಯಾರ್ಮತ್ ಹೆರಿಂಗ್ ಮೀನಿನ ಊರು. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ಹತ್ತಿರದ ನೆಂಟ. ಇಲ್ಲಿನ ಟೈಮ್ ಅಂಡ್ ಟೈಡ್ ಮ್ಯೂಸಿಯಂ ಇರುವುದು ಮೀನಿಗೆ ಹೊಗೆ ಹಾಕುತ್ತಿದ್ದ ಹಳೆಯ ಕಾರ್ಖಾನೆಯಲ್ಲೇ. ಒಳಗೆ ಇನ್ನೂ ಆ ಹೊಗೆಯ ವಾಸನೆ ಇದೆ. 1913ರ ಸುಗ್ಗಿಯಲ್ಲಿ ಈ ಊರಿನಲ್ಲಿ ಸಾವಿರಕ್ಕೂ ಜಾಸ್ತಿ ದೋಣಿಗಳು ಸೇರಿದ್ದವು. ಅವುಗಳ ಹಿಂದೆಯೇ ಸ್ಕಾಟ್ಲೆಂಡಿನ ಹೆಣ್ಣುಮಕ್ಕಳು ರೈಲಿನಲ್ಲಿ ಬರುತ್ತಿದ್ದರು. ಬೆರಳುಗಳಿಗೆ ಬಟ್ಟೆಚೂರು ಸುತ್ತಿಕೊಂಡು, ಗಿಡ್ಡ ಚಾಕುವಿನಿಂದ ಮೀನು ಸೀಳಿ, ಉಪ್ಪು ಹಾಕಿ ಪೀಪಾಯಿಗೆ ತುಂಬುತ್ತಿದ್ದರು. ಕುಯ್ದ ಬೆರಳಿಗೆ ಉಪ್ಪು ತಾಗಿದರೆ ಹೇಗಿರುತ್ತೆ ಹೇಳಿ! ಪೀಪಾಯಿಗಳು ಹೆಚ್ಚಾಗಿ ಜರ್ಮನಿಗೆ, ರಷ್ಯಾಕ್ಕೆ ಹೋಗುತ್ತಿದ್ದವು. 1914ರಲ್ಲಿ ಯುದ್ಧ ಬಂತು, ಆ ವ್ಯಾಪಾರ ಮುರಿದುಬಿತ್ತು.

ಗ್ರಿಮ್ಸ್‌ಬಿಯದು ದೂರದ ಕಡಲಿನ ಕಥೆ. ಇಲ್ಲಿನ ಟ್ರಾಲರ್‌ಗಳು, ಅಂದರೆ ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಹಡಗುಗಳು, ಐಸ್‌ಲೆಂಡ್‌ವರೆಗೂ ಹೋಗಿ ಕಾಡ್ ಮೀನು ತರುತ್ತಿದ್ದವು. ಐಸ್‌ಲೆಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 200 ಮೈಲಿಗೆ ಹಿಗ್ಗಿಸಿತು. 1976ರಲ್ಲಿ ಬ್ರಿಟನ್ ಅದನ್ನು ಒಪ್ಪಿಕೊಂಡಿತು. ಆಮೇಲೆ ಆ ಕಸುಬು ಮೇಲೇಳಲಿಲ್ಲ. ಗ್ರಿಮ್ಸ್‌ಬಿಯ ಮೀನುಗಾರಿಕೆ ಮ್ಯೂಸಿಯಂ ಪಕ್ಕದಲ್ಲೇ 1957ರ ರಾಸ್ ಟೈಗರ್ ಟ್ರಾಲರ್ ಇದೆ.

ನನ್ನ ಆಯ್ಕೆ ಯಾರ್ಮತ್. ಹೆಂಗಸರ ದುಡಿಮೆ ಅಷ್ಟು ಹತ್ತಿರದಿಂದ ಕಾಣುವುದು ಅಲ್ಲೇ. ಈ ಉದ್ಯಮ ಹೇಗೆ ಕುಸಿಯಿತು ಅನ್ನೋದು ಬೇಕಿದ್ದರೆ ಮಾತ್ರ ಗ್ರಿಮ್ಸ್‌ಬಿಗೆ ಹೋಗಿ. ಮಂಡಿ ನೋವಿದ್ದರೆ ಟ್ರಾಲರ್‌ನ ಕಡಿದಾದ ಏಣಿಗಳ ಬಗ್ಗೆ ಮೊದಲೇ ಯೋಚಿಸಿ.